ಫಾಲ್ಗುಣದ ಎರಡು ಮ್ಯಾಚು, ಕ್ರೇಗಿಬರ್ನಿನ ಒಂದು ಬಾವುಟ

ಬೆಳಗಿನ ಜಾವ ಐದಕ್ಕೆ ಇನ್ನೂ ಇಪ್ಪತ್ತು ನಿಮಿಷ. ಮೆಲ್ಬರ್ನಿನ ಉತ್ತರದ ಅಂಚಿನ ಕ್ರೇಗಿಬರ್ನಿನಲ್ಲಿ ಬ್ರೆಡ್ಡಿನ ಲಾರಿಯವನು ಬಿಟ್ಟರೆ ಯಾರೂ ಎದ್ದಿಲ್ಲ. ಮಂಜುಗಡ್ಡೆಯ ಆಟದಂಗಳವಾದ ಐಸ್ ರಿಂಕಿನ ಹಿಂಬಾಗಿಲು ತೆರೆದು ವಿರುಪಾಕ್ಷ ಒಳಗೆ ಬರುತ್ತಾರೆ. ತಲೆಗೆ ಮಂಕಿ ಕ್ಯಾಪು, ಮೈಗೆ ಎರಡು ಸ್ವೆಟರ್. ಕಂಪ್ರೆಸರ್ ಪಕ್ಕದ ಮೊಳೆಯಲ್ಲಿ ಮೈಸೂರಿನ ಪಂಚಾಂಗ ತೂಗುತ್ತಿದೆ. ಅದನ್ನು ಇಳಿಸಿ ಅವತ್ತಿನ ತಿಥಿ ಹುಡುಕಿ, ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನಿಂದ ಮಂಜುಗಡ್ಡೆಯ ಉಷ್ಣಾಂಶ ಬರೆಯುತ್ತಾರೆ. ಬಿದಿಗೆ, ಮೈನಸ್ ಐದೂವರೆ. ಆಮೇಲೆ ಯಂತ್ರ ಹತ್ತುತ್ತಾರೆ.

ಯಂತ್ರ ಆನೆಮರಿಯಷ್ಟಿದೆ. ಮುಂದೆ ಸಾಗುತ್ತಾ ಹೊಟ್ಟೆಯಡಿಯ ಅಲಗಿನಿಂದ ಮಂಜಿನ ಮೇಲ್ಪದರವನ್ನು ಕಾಗದದಷ್ಟು ತೆಳ್ಳಗೆ ಹೆರೆಯುತ್ತದೆ. ಹಿಂದಿನಿಂದ ಬಿಸಿನೀರು ಸುರಿಯುತ್ತದೆ. ಎರಡು ನಿಮಿಷದಲ್ಲಿ ನೆಲ ಕನ್ನಡಿ. ಒಂದು ಸುತ್ತಿಗೆ ಹನ್ನೆರಡು ನಿಮಿಷ, ಐನೂರು ಲೀಟರ್ ನೀರು. ದಿನಕ್ಕೆ ಒಂಬತ್ತು ಸುತ್ತು. ಇಪ್ಪತ್ತನಾಲ್ಕು ವರ್ಷದಿಂದ ಇದೇ ಕೆಲಸ. ಈಗ ಅರವತ್ತಾರು ವಯಸ್ಸು. ಯಂತ್ರದ ಜಾಡು ಮಂಜಿನ ಮೇಲೆ ಎಳೆಯುವ ಗೆರೆ ಇವರ ಕೈಯಲ್ಲಿ ಒಂದು ದಿನವೂ ಸೊಟ್ಟಗಾಗಿಲ್ಲ.

"ಇದ್ರಲ್ಲಿ ಏನೂ ಮ್ಯಾಜಿಕ್ ಇಲ್ಲ ಕಣ್ರೀ. ಮುಂದಕ್ಕೆ ನೋಡ್ಬೇಕು, ಮೇಲಕ್ಕೆ ನೋಡ್ಬಾರ್ದು, ಅಷ್ಟೆ" ಎನ್ನುತ್ತಾರೆ.

ಆದರೆ ಈ ಮೇ ತಿಂಗಳ ಮೊದಲ ವಾರ ಅವರು ಮೇಲಕ್ಕೆ ನೋಡದಿರಲು ಕಾರಣ ಬೇರೆ. ಛಾವಣಿಯ ಕಬ್ಬಿಣದ ತೊಲೆಗೆ ಹಳದಿ ಬಾವುಟವೊಂದು ತೂಗುತ್ತಿದೆ: ‘ಯಾರಾ ಡಿವಿಷನ್, ಮೊದಲ ಚಾಂಪಿಯನ್ನರು, ಕ್ರೇಗಿಬರ್ನ್ ಕುಕಬರ್ರಾಸ್, 2012’. ಒಂಬತ್ತು ವರ್ಷದ ಹಿಂದೆ ಏಣಿ ಹತ್ತಿ ಅದನ್ನು ಕಟ್ಟಿದವರು ಇವರೇ. ಅದು ತಪ್ಪೆಂದು ಗೊತ್ತಿರುವುದೂ ಸದ್ಯಕ್ಕೆ ಇವರಿಗೊಬ್ಬರಿಗೆ, ಮಗಳಿಗೊಬ್ಬಳಿಗೆ.

ವಿರುಪಾಕ್ಷ ಹಿರಿಯೂರಿನವರು. ರೆಫ್ರಿಜರೇಷನ್ ಕಲಿಯಲು ಮೆಲ್ಬರ್ನಿಗೆ ಬಂದರು. ಹಗಲು ಕ್ಲಾಸು, ಸಂಜೆ ಕೋಳಿಮಾಂಸದ ಕೋಲ್ಡ್ ಸ್ಟೋರೇಜಿನಲ್ಲಿ ದುಡಿಮೆ. ಪಿಆರ್, ಅಂದರೆ ಅಲ್ಲೇ ಕಾಯಂ ಇರುವ ಪರವಾನಗಿ, ಬರುವ ಹೊತ್ತಿಗೆ ಬೆರಳ ತುದಿಗಳಲ್ಲಿ ಸ್ಪರ್ಶವೇ ಕಡಿಮೆಯಾಗಿತ್ತು. ಆಮೇಲೆ ರಿಂಕಿಗೆ ಸೇರಿದರು. ದೇಶಾಂತರ ಹೋಗಿ ಇಂಜಿನಿಯರೋ ಡಾಕ್ಟರೋ ಆದವರ ನಡುವೆ, ಕನ್ನಡ ಸಂಘದ ರಾಜ್ಯೋತ್ಸವದಲ್ಲಿ "ನೀವೇನ್ ಮಾಡ್ತೀರಿ ಅಂಕಲ್?" ಎಂದು ಯಾರಾದರೂ ಕೇಳಿದರೆ "ಐಸಿಗೆ ಇಸ್ತ್ರಿ ಹಾಕ್ತೀನಿ" ಎನ್ನುತ್ತಾರೆ. ಕೇಳಿದವರು ನಕ್ಕು ಪುಳಿಯೋಗರೆಯ ಕಡೆ ತಿರುಗುತ್ತಾರೆ.

ಈ ರಿಂಕು ಕುಕಬರ್ರಾಸ್ ಎಂಬ ಐಸ್ ಹಾಕಿ ತಂಡದ ಮನೆ. ಸಿಡ್ನಿ ಮತ್ತು ಮೆಲ್ಬರ್ನಿನ ಎಂಟು ತಂಡಗಳ ಪುಟ್ಟ ವೃತ್ತಿಪರ ಲೀಗ್ ಅದು. ಸಿಡ್ನಿಯವರದು ಹಾರ್ಬರ್ ಡಿವಿಷನ್, ಮೆಲ್ಬರ್ನಿನವರದು ಅಲ್ಲಿನ ನದಿಯ ಹೆಸರಿನ ಯಾರಾ ಡಿವಿಷನ್. ಕೇಳಲು ಸಲೀಸು. ಆದರೆ ಯಾರಾ ಡಿವಿಷನ್ನಿನ ಚರಿತ್ರೆ ಹೇಳಹೊರಟವರಿಗೆ ತಲೆ ಕೆಡುತ್ತದೆ. 2012ರಲ್ಲಿ ಅದು ಹುಟ್ಟಿದಾಗ ಮೆಲ್ಬರ್ನಿನಲ್ಲಿ ಇದ್ದದ್ದು ಮೂರೇ ತಂಡ, ಸಿಡ್ನಿಯಲ್ಲಿ ಐದು. ಲೆಕ್ಕ ಸರಿಹೋಗಲೆಂದು ಸಿಡ್ನಿಯ ರೌಸ್ ಹಿಲ್ ವಾಂಬ್ಯಾಟ್ಸ್ ತಂಡವನ್ನು ಎತ್ತಿ ಇಲ್ಲಿಗೆ ಹಾಕಿದರು. ಆ ಹುಡುಗರು ಒಂದೊಂದು ಮ್ಯಾಚಿಗೂ ಹತ್ತು ಗಂಟೆ ಬಸ್ಸಿನಲ್ಲಿ ಕೂತು ಬಂದು ಆಡಿದರು. ಎರಡು ವರ್ಷಕ್ಕೆ ಡಿವಿಷನ್ನಿನ ಹೆಸರು ಬದಲಾಯಿತು. 2016ರಲ್ಲಿ ವಾಂಬ್ಯಾಟ್ಸ್ ತಂಡವೇ ಮುಚ್ಚಿತು. ಮತ್ತೆರಡು ವರ್ಷಕ್ಕೆ ಡಿವಿಷನ್ನೇ ರದ್ದು. ಕೋವಿಡ್ ವರ್ಷ ಆಟವೇ ಇಲ್ಲ. ಆಮೇಲೆ ಮೆಲ್ಬರ್ನಿನದೇ ಇನ್ನೊಂದು ತಂಡ ಸೇರಿ ಡಿವಿಷನ್ ವಾಪಸ್ ಬಂತು, ಹಳೆಯ ಹೆಸರೂ ಬಂತು. ಈ ಸಲ ಹದಿನೈದನೆಯ ವರ್ಷವೆಂದು ಪುಸ್ತಿಕೆ ತರಲು ಹೊರಟರೆ, ಅದು ಹದಿನೈದೋ ಹದಿನಾಲ್ಕೋ ಹತ್ತೋ ಎಂದು ಲೀಗಿನ ಆಫೀಸಿನಲ್ಲೇ ಜಗಳ.

ಇದೆಲ್ಲಕ್ಕೂ ಉಳಿದಿರುವ ದಾಖಲೆ ಒಂದೇ. ಹಳೆಯ ವೆಬ್‌ಸೈಟ್ ಮುಚ್ಚಿದಾಗ ಆರಂಭದ ವರ್ಷಗಳ ಅಂಕಪಟ್ಟಿಗಳೆಲ್ಲ ಹೋದವು. ಕಂಪ್ರೆಸರ್ ಕೋಣೆಯ ಬಿಸ್ಕತ್ತಿನ ಡಬ್ಬದಲ್ಲಿ ವಿರುಪಾಕ್ಷರ ಪಂಚಾಂಗಗಳು ಉಳಿದವು. ಪ್ರತಿ ಮ್ಯಾಚಿನ ಫಲಿತಾಂಶವನ್ನೂ ಅವತ್ತಿನ ತಿಥಿಯ ಮಗ್ಗುಲಲ್ಲಿ ಬರೆಯುವುದು ಅವರ ಅಭ್ಯಾಸ. ಬೇರೆ ರಿಂಕಿನ ಫಲಿತಾಂಶವನ್ನು ಫೋನ್ ಮಾಡಿ ಕೇಳಿ ಬರೆಯುತ್ತಾರೆ. ಯಾರೂ ಹೇಳಿದ್ದಲ್ಲ. ಯಾಕೆ ಬರೆಯುತ್ತೀರಿ ಎಂದರೆ ಅವರಿಗೂ ಸರಿಯಾಗಿ ಗೊತ್ತಿಲ್ಲ. "ಜಾಗ ಖಾಲಿ ಇತ್ತು, ಬರೆದೆ."

2017ರಲ್ಲಿ ಹಳೆಯ ಚಾಂಪಿಯನ್ನರಿಗೆಲ್ಲ ಬಾವುಟ ಕಟ್ಟೋಣವೆಂದು ಲೀಗ್ ತೀರ್ಮಾನಿಸಿತು. ಮೊದಲ ವರ್ಷ ಡಿವಿಷನ್ನಿಗೆ ಕಪ್ಪೂ ಇರಲಿಲ್ಲ, ಪದಕವೂ ಇರಲಿಲ್ಲ. ಮೇಲೆ ಬಂದವರು ಯಾರೆಂದು ಅಂಕ ಕೂಡಿಯೇ ಹೇಳಬೇಕು. ವಿರುಪಾಕ್ಷ 2012ರ ಯುಗಾದಿಗೆ ಶುರುವಾಗುವ ನಂದನ ಸಂವತ್ಸರದ ಪಂಚಾಂಗ ತೆಗೆದರು. ಅದರಲ್ಲಿದ್ದ ಮ್ಯಾಚುಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಕೂಡಿದರು. ಕುಕಬರ್ರಾಸ್ 27, ವಾಂಬ್ಯಾಟ್ಸ್ 25. ಬಾವುಟ ಮೇಲೇರಿತು.

ಅದೇ ವಾರ ಸಿಡ್ನಿಯ ಗಿರಾವೀನಿನಿಂದ ಒಂದು ಫೋನ್ ಬಂತು. ಸರಸ್ವತಿ ಎಂಬ ಹೆಂಗಸು. ಮನೆಯ ಗರಾಜಿನಲ್ಲಿ ಹೊಲಿಗೆ ಮಷೀನಿಟ್ಟು ವಾಂಬ್ಯಾಟ್ಸ್ ಹುಡುಗರ ಜರ್ಸಿಗೆ ಹೆಸರು, ನಂಬರು ಹೊಲಿದುಕೊಡುತ್ತಿದ್ದವರು. ಆ ಕ್ಲಬ್ಬಿನವರೆಲ್ಲ ಚದುರಿಹೋದ ಮೇಲೂ ಅದರ ಪರವಾಗಿ ಜಗಳವಾಡಲು ಉಳಿದವರು ಇವರೊಬ್ಬರೇ.

"ನಮ್ಮ ಹುಡುಗ್ರೇ ಕಣ್ರೀ ಫಸ್ಟು. ಕ್ಯಾಪ್ಟನ್ ಆ ಖುಷಿಗೆ ನಮ್ಮನೆಗೇ ಬಂದು ಹೋಳಿಗೆ ತಿಂದು ಹೋಗಿದ್ದ" ಎಂದರು.

"ಹೋಳಿಗೆ ತಿಂದಿದ್ದು ಪಾಯಿಂಟಲ್ಲ ಮೇಡಂ. ನನ್ ಹತ್ರ ಬರೆದಿಟ್ಟಿದ್ದಿದೆ."

"ಬರೆದಿಟ್ಟಿದ್ದಕ್ಕೆ ಬೆಂಕಿ ಹಾಕ."

ಅಂದಿನಿಂದ ವರ್ಷಕ್ಕೊಮ್ಮೆ, ಯುಗಾದಿ ಶುಭಾಶಯದ ನೆಪದಲ್ಲಿ ಸರಸ್ವತಿ ಫೋನ್ ಮಾಡುತ್ತಾರೆ, ಬೈಯುತ್ತಾರೆ, ಇಡುತ್ತಾರೆ. ಒಂಬತ್ತು ವರ್ಷ ವಿರುಪಾಕ್ಷರದು ಒಂದೇ ಉತ್ತರ: ಬರೆದಿಟ್ಟಿದ್ದಿದೆ.

ಈ ಏಪ್ರಿಲ್ ಕೊನೆಯ ಭಾನುವಾರ ಆ ಬರೆದಿಟ್ಟದ್ದೇ ಕೈಕೊಟ್ಟಿತು. ಪುಸ್ತಿಕೆಗಾಗಿ ಪಂಚಾಂಗಗಳಲ್ಲಿದ್ದುದನ್ನು ಟೈಪ್ ಮಾಡಿಕೊಡಲು ಅಡುಗೆಮನೆಯ ಮೇಜಿನ ಮುಂದೆ ಮಗಳು ಅಪರ್ಣ ಕೂತಿದ್ದಳು. ಫಾರ್ಮಸಿಯಲ್ಲಿ ಕೆಲಸ ಮಾಡುವವಳು, ಮಾತ್ರೆ ಎಣಿಸಿ ಅಭ್ಯಾಸ. ತಂದೆ ಓದಿದರು, ಅವಳು ಒತ್ತಿದಳು.

"ಅಪ್ಪಾ, ವೆಯ್ಟ್. ಒಂದೊಂದು ಟೀಮಿಗೂ ಹದಿನೆಂಟು ಮ್ಯಾಚು ತಾನೆ? ಕುಕಬರ್ರಾಸ್‌ಗೆ ಇಪ್ಪತ್ತಾಗಿದೆ."

"ಸರಿಯಾಗಿ ಎಣಿಸು."

"ಎರಡ್ ಸಲ ಎಣಿಸ್ದೆ. ಮೊದಲ ಸೀಸನ್ ಸೆಪ್ಟೆಂಬರ್‌ಗೆ ಮುಗೀತು ಅಂದ್ರಿ. ಲಾಸ್ಟ್ ಎರಡು ಯಾವಾಗಿಂದು?"

ವಿರುಪಾಕ್ಷ ಕನ್ನಡಕ ಏರಿಸಿ ನೋಡಿದರು. ಫಾಲ್ಗುಣ ಬಹುಳ ಚೌತಿ. ಫಾಲ್ಗುಣ ಬಹುಳ ಏಕಾದಶಿ. ಎರಡೂ ಶನಿವಾರ. ಎರಡರಲ್ಲೂ ಗೆದ್ದವರು ಕುಕಬರ್ರಾಸ್, ಸೋತವರು ವಾಂಬ್ಯಾಟ್ಸ್. ಏಕಾದಶಿಯ ದಿನ ಬರೀ ಅವಲಕ್ಕಿ ತಿಂದು ಯಂತ್ರ ಓಡಿಸಿದ್ದು ನೆನಪಿಗೆ ಬಂತು. ಅದರ ಹಿಂದೆಯೇ ಉಳಿದದ್ದೂ ಬಂತು. 2013ರಲ್ಲಿ ಯಾವುದೋ ರಿಂಕಿನ ರಿಪೇರಿಯಿದೆಯೆಂದು, ಏಪ್ರಿಲ್ ಕೊನೆಗೆ ಶುರುವಾಗಬೇಕಾದ ಸೀಸನ್ ಮಾರ್ಚ್ ಕೊನೆಗೇ ಶುರುವಾಗಿತ್ತು. ಆ ವರ್ಷ ಯುಗಾದಿ ಬಂದದ್ದು ಏಪ್ರಿಲ್ ಹನ್ನೊಂದಕ್ಕೆ. ಲೀಗಿಗೆ ಎರಡನೆಯ ವರ್ಷ ಹುಟ್ಟಿತ್ತು. ವಿರುಪಾಕ್ಷರ ಮೊಳೆಯಲ್ಲಿ ತೂಗುತ್ತಿದ್ದ ನಂದನದ ಪಂಚಾಂಗಕ್ಕೆ ಮೊದಲನೆಯ ವರ್ಷ ಇನ್ನೂ ಮುಗಿದಿರಲಿಲ್ಲ.

ಎರಡನೆಯ ಸೀಸನ್ನಿನ ಎರಡು ಗೆಲುವು, ನಾಲ್ಕು ಅಂಕ, ಮೊದಲನೆಯದಕ್ಕೆ ಸೇರಿಹೋಗಿದ್ದವು. ಅದನ್ನು ಕಳೆದರೆ ಕುಕಬರ್ರಾಸ್ 23. ಎರಡನ್ನೂ ಸೋತಿದ್ದ ವಾಂಬ್ಯಾಟ್ಸ್ ಅದೇ 25. ಎರಡನೆಯ ವರ್ಷ ಕುಕಬರ್ರಾಸ್ ಬಹಳ ಮುಂದಿದ್ದರಿಂದ ಅಲ್ಲಿ ಎರಡು ಮ್ಯಾಚು ಕಡಿಮೆಯಾದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಯಾರಿಗೆ ಗೊತ್ತಾಗುತ್ತಪ್ಪಾ? ಆ ಕ್ಲಬ್ಬೇ ಇಲ್ಲ. ಜಸ್ಟ್ ಲೀವ್ ಇಟ್" ಎಂದಳು ಅಪರ್ಣ.

ಅವತ್ತು ರಾತ್ರಿ ವಿರುಪಾಕ್ಷ ಅನ್ನ ಕಲಸಿಟ್ಟು ಕೂತರು. ಬಾವುಟ ಇಳಿಸುವುದು ದೊಡ್ಡದಲ್ಲ. ಒಂದು ತಪ್ಪು ಸಿಕ್ಕಿದರೆ ಉಳಿದ ಪಂಚಾಂಗಗಳನ್ನು ಯಾರು ನಂಬುತ್ತಾರೆ? ಮುದುಕನ ಜಾತಕವೆಂದು ಡಬ್ಬದ ಸಮೇತ ಬಿಸಾಡಿದರೆ, ಹತ್ತು ಗಂಟೆ ಬಸ್ಸಿನಲ್ಲಿ ಬಂದು ಆಡಿದ ಹುಡುಗರು ಆಡಿದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ. ಹೇಳಿದರೆ ಎಲ್ಲ ಹೋಗಬಹುದು. ಹೇಳದಿದ್ದರೆ ಸುಳ್ಳು ಅಚ್ಚಾಗುತ್ತದೆ. ಪುಸ್ತಿಕೆ ಅಚ್ಚಿಗೆ ಹೋಗಲು ಉಳಿದಿದ್ದು ಹದಿನೈದು ದಿನ.

"ನಂಗೆ ಲೆಕ್ಕ ತಪ್ಪಿದ್ದು ಬೇಜಾರಿಲ್ಲ ಕಣ್ರೀ. ಆ ಯಮ್ಮಂಗೆ ಒಂಬತ್ತು ವರ್ಷ ಜಂಬ ಕೊಚ್ಚಿದ್ನಲ್ಲ, ಅದು" ಎನ್ನುತ್ತಾರೆ ಈಗ.

ಪ್ರತಿದಿನ ಕೆಲಸ ಮುಗಿಸಿ ಬಂದು ಅಪ್ಪ ಮಗಳು ಮೇಜಿಗೆ ಕೂತರು. ಪ್ರತಿ ತಿಥಿಯ ಪಕ್ಕದಲ್ಲೂ ಇಂಗ್ಲಿಷ್ ತಾರೀಖು ಬರೆದು ಪಟ್ಟಿ ಮಾಡಿದರು. ಆರುನೂರಕ್ಕೂ ಹೆಚ್ಚು ಮ್ಯಾಚು. ಒಂದು ಅಧಿಕ ಮಾಸ ಬಂದಾಗ ಅಪರ್ಣ "ತಿಂಗಳು ಎರಡೆರಡು ಸಲ ಯಾಕ್ ಬರುತ್ತೆ? ದಿಸ್ ಈಸ್ ಚೀಟಿಂಗ್" ಎಂದು ಪೆನ್ನು ಎಸೆದಳು. ವಿರುಪಾಕ್ಷರೂ ಎರಡು ಸಲ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದರು. ಕೊನೆಗೆ ಯುಗಾದಿಗೆ ಮುಂಚೆ ಶುರುವಾದ ಸೀಸನ್ ಅದೊಂದೇ ಎಂದು ಖಾತ್ರಿಯಾಯಿತು. ತಪ್ಪು ಒಂದೇ.

ಅಚ್ಚಿಗೆ ಹೋಗುವ ಹಿಂದಿನ ಶನಿವಾರ ಬೆಳಿಗ್ಗೆ ವಿರುಪಾಕ್ಷ ಡಬ್ಬ ಹೊತ್ತು ರಿಂಕಿನ ಮ್ಯಾನೇಜರ್ ಡೆಬ್ಬಿಯ ಕೋಣೆಗೆ ಹೋದರು. ಡೆಬ್ಬಿ ಇವರಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಕುಕಬರ್ರಾಸ್ ಅಂದರೆ ಜೀವ. ಹೊಸ ವರ್ಷ ಮಾರ್ಚಿನಲ್ಲಿ ಬರುತ್ತದೆ, ಕೆಲವು ಸಲ ಏಪ್ರಿಲಿನಲ್ಲಿ ಬರುತ್ತದೆ ಎಂದು ಇವರು ವಿವರಿಸಿದರು. ಅವಳಿಗೆ ಅರ್ಥವಾಗಲಿಲ್ಲ. ಚಂದ್ರನಿಂದ ಶುರುಮಾಡಿದರು. ಇನ್ನೂ ಅರ್ಥವಾಗಲಿಲ್ಲ. ಕೊನೆಗೆ ಎರಡು ಪಂಚಾಂಗಗಳನ್ನು ಮೇಜಿನ ಮೇಲೆ ಉದ್ದಕ್ಕೆ ಜೋಡಿಸಿ, ಅದರ ಕೆಳಗೆ ಅವಳ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಇಟ್ಟು, ಎರಡು ಶನಿವಾರಗಳ ಮೇಲೆ ಬೆರಳಿಟ್ಟು ತೋರಿಸಿದರು.

ಡೆಬ್ಬಿ ಆ ಎರಡು ಶನಿವಾರಗಳಿಗೆ ಪೆನ್ನಿನಿಂದ ಸುತ್ತು ಹಾಕಿದಳು. ಹಾಗಾದರೆ ನಾವು ಗೆದ್ದಿರಲಿಲ್ಲವಾ ಎಂದು ಕೇಳಿದಳು. ಇಲ್ಲ ಎಂದರು. ಇದನ್ನು ಹಿಡಿದವರು ಯಾರು? ಮಗಳು ಎಂದರು. ಬಂದು ಹೇಳಬೇಕು ಎಂದವರು ಯಾರು? ಇವರು ಡಬ್ಬದಿಂದ ಹಾಳೆಗಳ ಕಟ್ಟು ತೆಗೆದು ಅವಳ ಮುಂದಿಟ್ಟರು. ಡೆಬ್ಬಿ ಆರುನೂರು ತಾರೀಖುಗಳ ಪಟ್ಟಿಯನ್ನು ಹಾಳೆ ಹಾಳೆ ತಿರುವಿದಳು. ಆಮೇಲೆ ಲೀಗಿನ ಆಫೀಸಿಗೆ ಫೋನ್ ಹಚ್ಚಿ, ನಮ್ಮ ಬಾವುಟ ಇಳಿಸುತ್ತಿದ್ದೇವೆ, ಉಳಿದದ್ದನ್ನೆಲ್ಲ ಈ ಮನುಷ್ಯನ ಪುಸ್ತಕಗಳಿಂದಲೇ ಅಚ್ಚು ಹಾಕಿ ಎಂದಳು. ತನ್ನ ವಿರುದ್ಧವೇ ಸಾಕ್ಷಿ ಹೇಳುವ ಪುಸ್ತಕ ಇನ್ನೆಲ್ಲಿ ಸಿಗುತ್ತದೆ ಎಂದೂ ಸೇರಿಸಿದಳು.

ಇನ್ನು ಗಿರಾವೀನಿಗೆ ಫೋನ್ ಮಾಡುವುದಿತ್ತು. ಅದೇ ಕಷ್ಟದ್ದು.

"ಮೇಡಂ, ನಿಮ್ಮ ಹುಡುಗ್ರೇ ಫಸ್ಟು."

ಆ ಕಡೆ ಹೊಲಿಗೆ ಮಷೀನು ಸ್ವಲ್ಪ ಓಡಿ ನಿಂತಿತು.

"ಒಂಬತ್ತು ವರ್ಷ ನನ್ನ ಸುಳ್ಳುಬುರುಕಿ ಮಾಡಿದ್ರಲ್ಲ, ನಿಮ್ಮ ಪಂಚಾಂಗಕ್ಕಿಷ್ಟು!" ಸರಸ್ವತಿ ಕತ್ತರಿ ಕುಕ್ಕಿದ್ದು ಇಲ್ಲಿಗೂ ಕೇಳಿಸಿತು. "ಈಗ ಯಾವ ಸಂವತ್ಸರ ನಡೀತಿರೋದು?"

"ಪರಾಭವ."

"ಸರಿಯಾಗಿದೆ. ಬಾವುಟದ ಅಳತೆ ಹೇಳಿ. ಅಂಗಡೀದು ಬೇಡ, ನಾನೇ ಹೊಲಿತೀನಿ."

ರೌಸ್ ಹಿಲ್ಲಿನಲ್ಲಿ ಈಗ ಆ ತಂಡವಿಲ್ಲ, ರಿಂಕೂ ಇಲ್ಲ. ಕಟ್ಟಲು ಬೇರೆ ಜಾಗವಿಲ್ಲದೆ, ನೀಲಿ ಬಟ್ಟೆಯ ಮೇಲೆ ಬಿಳಿ ಅಕ್ಷರದ ಆ ಬಾವುಟ ಎದುರಾಳಿಯ ಛಾವಣಿಗೇ ಬಂದಿದೆ. ಹಳದಿಯದನ್ನು ಇಳಿಸಿದ ಏಣಿಯ ಮೇಲೇ ನಿಂತು ವಿರುಪಾಕ್ಷ ಇದನ್ನು ಕಟ್ಟಿದ್ದಾರೆ. ಹೊಲಿಗೆ ಬಿಗಿಯಾಗಿದೆ. ಪೊಟ್ಟಣದೊಳಗೆ ನಾಲ್ಕು ಹೋಳಿಗೆಯೂ ಇದ್ದವು, ಚೀಟಿ ಇರಲಿಲ್ಲ.

ಮಾರನೆಯ ಬೆಳಗಿನ ಜಾವ ಮತ್ತೆ ಅದೇ ಹೊತ್ತು. ತಿಥಿ ನೋಡಿ, ಉಷ್ಣಾಂಶ ಬರೆದು, ಈಗ ಅದರ ಪಕ್ಕ ಇಂಗ್ಲಿಷ್ ತಾರೀಖನ್ನೂ ಬರೆದು ಯಂತ್ರ ಹತ್ತುತ್ತಾರೆ. ರಿಂಕಿನ ಮಧ್ಯಕ್ಕೆ ಬಂದಾಗ ಕತ್ತೆತ್ತಿ ನೋಡುತ್ತಾರೆ. ಹಿಂದೆ ಹೊಳೆಯುವ ಮಂಜಿನ ಮೇಲೆ ಗೆರೆ ಒಂದು ಗೇಣು ಸೊಟ್ಟಗಾಗುತ್ತದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲನೆಯದು. ಇಳಿದು ಬಂದು ಅದನ್ನು ನೋಡಿ, ಮುಂದಿನ ಸುತ್ತಿನವರೆಗೆ ಇರಲಿ ಎಂದು ಬಿಡುತ್ತಾರೆ.

ಪುಸ್ತಿಕೆಗೆ ನೆರವಾದದ್ದಕ್ಕೆ ಲೀಗಿನವರು ಏನಾದರೂ ಕೊಡಬೇಕೆಂದಿದ್ದಾರೆ. ಜಾಕೆಟ್ಟೋ ಗಡಿಯಾರವೋ ಎಂದು ಡೆಬ್ಬಿ ಕೇಳಿದ್ದಾಳೆ. ವಿರುಪಾಕ್ಷ ಎರಡೂ ಬೇಡ ಎಂದಿದ್ದಾರೆ.

"ನಂಗೇನೂ ಬೇಡಪ್ಪ. ಸೀಸನ್ನು ಯುಗಾದಿ ಆದ್ಮೇಲೆ ಶುರು ಮಾಡ್ಲಿ, ಸಾಕು."