ಹಿಂದಿನ ಸೀಟಿನ ಮೂರು ಬೆಲ್ಟು

ಮೈಮೇಲೆ ನುಗ್ಗಿ ಬರುವ ಬಸ್ಸನ್ನು ಬರೀ ಅಂಗೈ ತೋರಿಸಿ ನಿಲ್ಲಿಸುವ ಧೈರ್ಯ ನಿಮ್ಮಲ್ಲಿ ಎಷ್ಟು ಮಂದಿಗಿದೆ, ನಮ್ಮೂರ ಅಕ್ಕನ ಬಳಗದವರೆ? ಕೈ ಎತ್ತಿ ನೋಡೋಣ. ಯಾರೂ ಇಲ್ಲ ಅಲ್ಲವೆ? ನನಗೀಗ ಬಂದಿದೆ.

ರಾಣೆಬೆನ್ನೂರು ಬಿಟ್ಟು ಬೆಂಗಳೂರಿಗೆ ಬಂದ ಮರುದಿನ ಬೆಳಿಗ್ಗೆ ಜೆ.ಪಿ. ನಗರದ ದೊಡ್ಡ ರಸ್ತೆಯ ಅಂಚಿನಲ್ಲಿ ನಿಂತಿದ್ದೆ. ಹಾಲಿನ ಅಂಗಡಿ ಆಚೆ ಬದಿಗೆ. ನಡುವೆ ಬಸ್ಸು, ಕಾರು, ಸ್ಕೂಟರುಗಳ ಹೊಳೆ. ನನ್ನ ಪಕ್ಕದಲ್ಲಿದ್ದ ಹೆಂಗಸೊಬ್ಬಳು ಎಡಗೈಯಲ್ಲಿ ಕೊತ್ತಂಬರಿ ಚೀಲ ಹಿಡಿದು, ಬಲಗೈ ಚಾಚಿ, ದೇವರು ಅಭಯ ಕೊಡುವ ಹಾಗೆ ಅಂಗೈ ತೋರಿಸುತ್ತ ಇಳಿದೇಬಿಟ್ಟಳು. ಬಸ್ಸು ನಿಂತಿತು. ಆಚೆ ದಡ ಸೇರಿ ನನ್ನ ಕಡೆ ತಿರುಗಿ, "ಬನ್ನಿ ಆಂಟಿ, ಏನೂ ಆಗಲ್ಲ" ಅಂದಳು. ನಾನು ಹಾಲಿಲ್ಲದೆ ಮನೆಗೆ ಹೋದೆ. ಅವತ್ತು ಅಳಿಯಂದಿರು ಕರಿ ಚಹಾ ಕುಡಿದರು.

ನಾನು ಇಲ್ಲಿಗೆ ಬಂದದ್ದು ಮಗಳು ಶೈಲಾ ಮತ್ತೆ ಕೆಲಸಕ್ಕೆ ಸೇರಿದಳು ಅಂತ. ಏಳು ವರ್ಷದ ಮೊಮ್ಮಗಳು ಸ್ಫೂರ್ತಿಯನ್ನು ಶಾಲೆಯಿಂದ ಕರೆತರಲು, ಊಟ ಮಾಡಿಸಲು ಮನೆಯಲ್ಲಿ ಒಬ್ಬರು ಬೇಕಿತ್ತು. ಪುಟ್ಟೇನಹಳ್ಳಿ ಕೆರೆಯ ಹತ್ತಿರ ಮೂರನೇ ಮಹಡಿಯ ಮನೆ. ಊರಲ್ಲಿ ಕಟ್ಟೆಯ ಮೇಲೆ ಕೂತರೆ ಜಗತ್ತೇ ಮಾತಾಡಿಸಿ ಹೋಗುತ್ತಿತ್ತು. ಇಲ್ಲಿ ಬಾಲ್ಕನಿಯಲ್ಲಿ ಕೂತರೆ ಮಾತಾಡಿಸುವುದು ಪಾರಿವಾಳ ಮಾತ್ರ. ತರಕಾರಿಯವನಿಗೆ "ಹೀರಿಕಾಯಿ ಹೆಂಗ ಕೊಟ್ಟಿ?" ಅಂದರೆ "ಆಂಟಿ, ಹುಬ್ಳಿ ಕಡೆಯವ್ರಾ?" ಅನ್ನುತ್ತಾನೆ. ಅವನ ಲೆಕ್ಕದಲ್ಲಿ ತುಂಗಭದ್ರೆ ದಾಟಿದರೆ ಎಲ್ಲವೂ ಹುಬ್ಳಿ. ಮೊದಲ ತಿಂಗಳು ಸಾರಿನಲ್ಲಿ ಬೆಲ್ಲ ಸಿಕ್ಕಾಗ ಅಳು ಬರುತ್ತಿತ್ತು. ಈಗ ಬೆಲ್ಲ ಕಡಿಮೆಯಾದರೆ ನಾನೇ ಕೇಳುತ್ತೇನೆ. ಓಣಿಯಲ್ಲಿ ಯಾರಿಗೂ ಹೇಳಬೇಡಿ.

ನಿಮಗೆ ಹೇಳಬೇಕೆಂದದ್ದು ಕಾರಿನ ವಿಷಯ.

ಅಳಿಯ ಮಂಜುನಾಥರಿಗೆ ಗಿರಿನಗರದಲ್ಲಿ ಹಾರ್ಡ್‌ವೇರ್ ಅಂಗಡಿ. ಒಳ್ಳೆಯ ಮನುಷ್ಯ. ಹಳೆಯ ಕಾರು ಕೊಂಡು ಹೊಸದರ ಹಾಗೆ ಇಟ್ಟುಕೊಂಡಿದ್ದಾರೆ. ಚಕ್ರಕ್ಕೆ ನಿಂಬೆಹಣ್ಣು, ಕನ್ನಡಿಗೆ ಕಪ್ಪುದಾರ, ಮುಂದೆ ಪುಟ್ಟ ಬಸವಣ್ಣ. ಸೀಟ್ ಬೆಲ್ಟನ್ನು ಮಾತ್ರ ಸಿಗ್ನಲ್ಲಿನಲ್ಲಿ ಪೊಲೀಸರು ಕಂಡಾಗಲೇ ಎಳೆದುಕೊಳ್ಳುವುದು. ಮಾವನವರು ಹೊಸ್ತಿಲಿಗೆ ಬಂದರೆಂದು ಗೊತ್ತಾದ ಕೂಡಲೆ ನಾವು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದೆವಲ್ಲ, ಥೇಟ್ ಹಾಗೆ. ಅವರು ಒಳಗೆ ಹೋದರೆ ಸೆರಗು ಭುಜಕ್ಕೆ. ಇಲ್ಲಿ ಕಾರಿಗೆ ಒಂದು ಗೀರು ಬಿದ್ದರೆ ರಸ್ತೆ ನಡುವೆ ಇಳಿದು ಜಗಳವಾಡುತ್ತಾರೆ. ಒಳಗೆ ಕೂತ ಮನುಷ್ಯರ ಬಗ್ಗೆ ಅಷ್ಟು ಚಿಂತೆ ಇಲ್ಲ. ಕೇಳಿದರೆ, "ಈ ಟ್ರಾಫಿಕ್ಕಲ್ಲಿ ನಡ್ಕೊಂಡು ಹೋಗೋರೇ ನಮ್ಮನ್ನ ಓವರ್‌ಟೇಕ್ ಮಾಡ್ತಾರೆ ಅತ್ತೆ, ಏನಾಗುತ್ತೆ?" ಅನ್ನುತ್ತಾರೆ. ನಾನೂ ನಂಬಿದ್ದೆ. ನಮ್ಮೂರಲ್ಲಿ ನಾವು ಅಂಜುತ್ತಿದ್ದದ್ದು ಹೈವೇ ಲಾರಿಗಳಿಗೆ. ಇಲ್ಲಿ ನಿಂತು ನಿಂತು ಹೋಗುವ ಕಾರಿನಲ್ಲಿ ಅಂಜುವುದೇನು?

ಹಿಂದಿನ ಸೀಟಿನಲ್ಲಿ ನಾನು ಮತ್ತು ಸ್ಫೂರ್ತಿ. ಅವಳಿಗೆ ಕೂರುವುದೆಂದರೆ ಆಗದು. ಮುಂದಿನ ಎರಡು ಸೀಟುಗಳ ನಡುವೆ ನಿಂತು ಅಪ್ಪನಿಗೆ ದಾರಿ ತೋರಿಸಬೇಕು. ನಾನು ಅವಳ ಸೊಂಟ ಬಳಸಿ ಹಿಡಿದಿರುತ್ತಿದ್ದೆ. ಜೋಳ ಬೀಸಿದ ಕೈ ಇದು, ಇದಕ್ಕಿಂತ ಗಟ್ಟಿ ಬೆಲ್ಟು ಯಾವುದಿದೆ ಅಂತ ನನ್ನ ಹೆಮ್ಮೆ.

ಒಂದು ಸಂಜೆ ಜಯನಗರದಿಂದ ಬರುತ್ತಿದ್ದೆವು. ಒನ್ ವೇಯಲ್ಲಿ ಎದುರಿನಿಂದ ಒಬ್ಬ ಸ್ಕೂಟರಿನವನು ಬಂದ, ಮಂಜುನಾಥರು ಬ್ರೇಕ್ ಒತ್ತಿದರು. ಅಷ್ಟೆ. ಕಾರು ಯಾರಿಗೂ ತಾಗಲಿಲ್ಲ. ಆದರೆ ನನ್ನ ತೋಳಿನಲ್ಲಿದ್ದ ಮಗು ತೋಳಿನಲ್ಲಿ ಇರಲಿಲ್ಲ. ಗೇರಿನ ಹಿಡಿಗೆ ಬಾಯಿ ಬಡಿದು ತುಟಿ ಸೀಳಿತ್ತು, ಅಲ್ಲಾಡುತ್ತಿದ್ದ ಹಾಲುಹಲ್ಲು ಬಿದ್ದಿತ್ತು. ಸ್ಕೂಟರಿನವನು "ಸಾರಿ ಗುರು" ಅಂದು ಹೋಗೇಬಿಟ್ಟ. ಸ್ಫೂರ್ತಿ ಅಳು ನಿಲ್ಲಿಸಿ ಹಲ್ಲು ಸಿಕ್ಕಿತೆಂದು ನಗತೊಡಗಿದಳು. ನನಗೆ ನಗು ಬರಲಿಲ್ಲ. ನನ್ನ ಬೆರಳುಗಳಲ್ಲಿ ಅವಳ ಫ್ರಾಕಿನ ಲೇಸು ಮಾತ್ರ ಉಳಿದಿತ್ತು.

ಮರುದಿನ ಬೆಳಿಗ್ಗೆ ಕೆಳಗಿಳಿದು ಕಾರಿನ ಹಿಂದಿನ ಬೆಲ್ಟು ಎಳೆದೆ. ಬಂತು. ಸಿಕ್ಕಿಸೋಣವೆಂದರೆ ಬಕಲ್ಲೇ ಇಲ್ಲ. ಕಾರು ಕೊಂಡಾಗ ಮಂಜುನಾಥರು ಸಂಭ್ರಮದಿಂದ ಹಾಕಿಸಿದ ರೆಕ್ಸಿನ್ ಕವರು ಮೂರೂ ಬಕಲ್ಲುಗಳನ್ನು ನುಂಗಿ ಕೂತಿತ್ತು.

"ಅಳಿಯಂದ್ರೆ, ಕತ್ರಿ ಕೊಡ್ರಿ."

"ಯಾಕತ್ತೆ?"

"ಕವರ್ ಕತ್ತರಸ್ತೀನಿ."

"ಅಯ್ಯೋ, ಮೆತ್ತಗಿದೆ ಅಂತ ನೀವೇ ಹೊಗಳಿದ್ರಲ್ಲ ಅತ್ತೆ."

"ಮೆತ್ತಗೇ ಐತ್ರಿ. ಕೂಸಿನ ತುಟಿನೂ ಮೆತ್ತಗೇ ಇತ್ತು."

ಅವರು ಒಳಗೆ ಹೋಗಿ ಕತ್ತರಿ ತಂದು ತಾವೇ ಕತ್ತರಿಸಿದರು. ಒಂದು ಬಕಲ್ಲಿನಲ್ಲಿ ಕಡಲೆಮಿಠಾಯಿ ಕೂತು ಗಟ್ಟಿಯಾಗಿತ್ತು. ಇನ್ನೊಂದು ಅಮುಕಿದರೆ ಅಲ್ಲಾಡಲೇ ಇಲ್ಲ. ಮೂರನೆಯದು ಕ್ಲಿಕ್ ಅಂದಿತು. "ನೋಡಿ, ಸರಿ ಇದೆ" ಅಂದರು. ನಾನು ಜಗ್ಗಿದೆ. ಕಳಚಿ ಕೈಗೆ ಬಂತು.

ಸರ್ವೀಸ್ ಸೆಂಟರಿಗೆ ನಾನೂ ಹೋದೆ. ಅಲ್ಲಿದ್ದ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತಿ, "ಹಿಂದಿನ್ ಬೆಲ್ಟಾ ಆಂಟಿ? ವಾಶಿಂಗಿಗೆ ಬರ್ತಾರೆ, ಪಾಲಿಶಿಗೆ ಬರ್ತಾರೆ, ಇದಕ್ಕಂತ ಬಂದವರು ನೀವೇ ಫಸ್ಟು" ಅಂದಳು. ಮೂರೂ ಹೊಸದು ಹಾಕಬೇಕು, ಹಳೆಯ ಮಾಡೆಲ್ಲು, ಸಾಮಾನು ಹೊರಗಿನಿಂದ ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು.

ಅಷ್ಟರಲ್ಲೇ ಬಂದದ್ದು ನನ್ನ ತಂಗಿ ಗಿರಿಜೆಯ ಮೊದಲ ಮೊಮ್ಮಗುವಿನ ನಾಮಕರಣ. ಬಳಗದಲ್ಲಿ ಎಲ್ಲರಿಗೂ ಗೊತ್ತಲ್ಲ, ತೊಟ್ಟಿಲ ಹಾಡು ನಾನೇ ಹಾಡಬೇಕೆಂದು ಅವಳು ಮಗು ಹುಟ್ಟುವ ಮೊದಲೇ ಹೇಳಿಟ್ಟಿದ್ದಳು. ಬೆಂಗಳೂರಿಗೆ ಬಂದ ಮೇಲೆ ಊರಿಗೆ ನನ್ನ ಮೊದಲ ಪ್ರಯಾಣ. ಕನಸಿನಲ್ಲಿ ನಮ್ಮ ಓಣಿಯ ಧೂಳೂ ಮೂಗಿಗೆ ಬಡಿಯುತ್ತಿತ್ತು. ನಾನು ರೈಲಿಗೆ ಹೋಗಬಹುದಿತ್ತು. ಆದರೆ ಸ್ಫೂರ್ತಿ ಅಪ್ಪ ಅಮ್ಮನ ಜೊತೆ ಅದೇ ಕಾರಿನಲ್ಲಿ, ಆ ಲಾರಿಗಳ ಹೈವೇಯಲ್ಲೇ ಬರುವವಳು. ಅದಕ್ಕೇ ಹೇಳಿದೆ: ಬೆಲ್ಟು ಆಗದಿದ್ದರೆ ಕಾರು ಹೊರಡಕೂಡದು, ಮಗುವನ್ನು ನೋಡಿಕೊಂಡು ನಾನು ಇಲ್ಲೇ ಇರುತ್ತೇನೆ.

ಶೈಲಾ ಸಿಟ್ಟಾದಳು. "ಅಮ್ಮ, ಇಷ್ಟ್ ವರ್ಷ ನಾವೆಲ್ಲ ಟ್ರ್ಯಾಕ್ಸ್ ಜೀಪಲ್ಲಿ ನೇತಾಡ್ಕೊಂಡು ಹೋಗಿಲ್ವಾ? ಏನಾಯ್ತು ನಮಗೆ?"

"ಏನೂ ಆಗದವ್ರು ಅಷ್ಟೇ ಕೂತು ಮಾತಾಡಾಕತ್ತೀವಿ ಮಗಳೇ. ಆದವರು ಮಾತಾಡಾಕ ಬರಂಗಿಲ್ಲ."

ಅವಳು ಪಾತ್ರೆ ತೊಳೆಯಲು ಹೋದಳು. ಪಾತ್ರೆಗಳು ಅವತ್ತು ಬಹಳ ಸದ್ದು ಮಾಡಿದವು.

ಗಿರಿಜೆಗೆ ಫೋನ್ ಮಾಡಿದೆ. "ಒಂದು ಪಟ್ಟಿ ಸಲುವಾಗಿ ನನ್ನ ಮೊಮ್ಮಗನ ತೊಟ್ಟಿಲಿಗೆ ಬರಂಗಿಲ್ಲ ಅಂತೀಯೇನು? ಬೆಂಗಳೂರಾಗ ಅಷ್ಟು ದೊಡ್ಡಾಕಿ ಆದೆಲ್ಲ" ಅಂದಳು. ಫೋನ್ ಇಟ್ಟಳು. ಆಮೇಲೆ ನಾನು ಬಾಲ್ಕನಿಗೆ ಹೋಗಿ ಕೂತೆ. ತೊಟ್ಟಿಲ ಹಾಡು ಬಾಯಿಗೆ ಬಂತು, ಎರಡನೇ ಸಾಲಿಗೆ ನಿಲ್ಲಿಸಿಬಿಟ್ಟೆ. ನಾನು ಮಾಡಿದ್ದು ಅತಿಯಾಯಿತೇ ಅಂತ ನನಗೇ ಅನುಮಾನ. ಹೋಗಲಿ ಬಿಡ್ರಿ ಅಂತ ಒಂದು ಮಾತು ಹೇಳಿದರೆ ಸಾಕಿತ್ತು, ಎಲ್ಲರೂ ನಕ್ಕು ಕಾರು ಹತ್ತುತ್ತಿದ್ದರು. ಫ್ರಾಕಿನ ಲೇಸು ನೆನಪಾಗಿ ಹಟ ಬಿಡಲಿಲ್ಲ.

ಹೊರಡಬೇಕಾದ ಹಿಂದಿನ ದಿನ ಮಂಜುನಾಥರು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಸಂಜೆ ಬಂದಾಗ ಕೈಯಲ್ಲಿ ಕಾರಿನ ಕೀಲಿ ಮತ್ತು ಒಂದು ಪುಟ್ಟ ಎತ್ತರದ ಸೀಟು. ಅಂಗಡಿ ಬಾಗಿಲು ಹಾಕಿ ವಿಲ್ಸನ್ ಗಾರ್ಡನ್ನಿನವರೆಗೂ ಬಿಡಿಭಾಗದ ಅಂಗಡಿಗಳನ್ನು ಸುತ್ತಿ, ಬಕಲ್ಲುಗಳನ್ನು ಹುಡುಕಿ, ಸರ್ವೀಸ್ ಸೆಂಟರಿನಲ್ಲೇ ನಿಂತು ಹಾಕಿಸಿದ್ದರು. ಪುಟ್ಟ ಸೀಟು ಸ್ಫೂರ್ತಿಗೆ. ಅದರ ಮೇಲೆ ಕೂತರೆ ಬೆಲ್ಟು ಕುತ್ತಿಗೆಗೆ ಬಾರದೆ ಎದೆಗೆ ಬರುತ್ತದೆ.

"ಜಗ್ಗಿ ನೋಡಿ ಅತ್ತೆ" ಅಂದರು. ಜಗ್ಗಿದೆ. ಇಡೀ ಭಾರ ಹಾಕಿ ಜಗ್ಗಿದೆ. ಬಿಡಲಿಲ್ಲ. "ನಿಮ್ಮ ಭಾರ ತಡೀತು ಅಂದ್ರೆ ಇನ್ಯಾರ್ದಾದ್ರೂ ತಡಿಯುತ್ತೆ" ಅಂದರು ಗಂಭೀರವಾಗಿ. ಅವತ್ತು ಅವರ ಸಾರಿಗೆ ಬೆಲ್ಲ ಒಂದು ತುಂಡು ಜಾಸ್ತಿ ಹಾಕಿದೆ.

ಮರುದಿನ ಊರಿನ ದಾರಿಯುದ್ದಕ್ಕೂ ಅವರ ಬೆಲ್ಟು ಎದೆಯ ಮೇಲೇ ಇತ್ತು. ಪೊಲೀಸರು ಎಲ್ಲೂ ಇರಲಿಲ್ಲ, ನಾನು ನೋಡಿಕೊಂಡೇ ಇದ್ದೆ. ಸ್ಫೂರ್ತಿ ತನ್ನ ಎತ್ತರದ ಸೀಟಿನಲ್ಲಿ ರಾಣಿಯ ಹಾಗೆ ಕೂತು, ಚಿತ್ರದುರ್ಗ ದಾಟುವವರೆಗೆ ನನಗೆ ಎರಡು ಸಲ ಬೈದಳು, ಚಪ್ಪಲಿ ಹುಡುಕಲು ಬೆಲ್ಟು ಬಿಚ್ಚಿದ್ದಕ್ಕೆ.

ತೊಟ್ಟಿಲ ಹಾಡು ಹಾಡಿದೆ. ಎರಡನೇ ಸಾಲಿಗೆ ನಿಲ್ಲಲಿಲ್ಲ. ಗಿರಿಜೆ ಎರಡು ಸಲ ಹಾಡಿಸಿದಳು, ಫೋನಿನ ಸಿಟ್ಟಿನ ಸುದ್ದಿ ಎತ್ತಲಿಲ್ಲ. ಆದರೆ ಮನೆಯವರು ಬಂದವರಿಗೆಲ್ಲ ನನ್ನನ್ನು "ಬೆಂಗಳೂರಿನ ದೊಡ್ಡಮ್ಮ" ಅಂತ ಪರಿಚಯಿಸಿಕೊಟ್ಟಾಗ ತಿರುಗಿ ನೋಡಿದೆ, ಅದು ಯಾರಪ್ಪಾ ಅಂತ. ಜೆ.ಪಿ. ನಗರದಲ್ಲಿ ನಾನು "ಹುಬ್ಳಿ ಆಂಟಿ". ನಾನು ಹುಟ್ಟಿ ಬೆಳೆದ ಓಣಿಯಲ್ಲಿ ಬೆಂಗಳೂರಿನಾಕಿ. ಎರಡೂ ಕಡೆ ನನಗೆ ಊಟ ಹಾಕಿದ್ದಾರೆ, ಆದ್ದರಿಂದ ಜಗಳ ಮಾಡುವ ಹಾಗೂ ಇಲ್ಲ.

ಊಟವಾದ ಮೇಲೆ ಮಠಕ್ಕೆ ಹೋಗಿ ಬರೋಣವೆಂದು ಗಿರಿಜೆ ಎದ್ದಳು. ಹಿಂದಿನ ಸೀಟಿನಲ್ಲಿ ನಾನು, ಸ್ಫೂರ್ತಿ, ಗಿರಿಜೆ ಕೂತದ್ದಾಯಿತು. ಆಗ ಪಕ್ಕದ ಮನೆಯ ಗುರುಬಸಮ್ಮ ಸೀರೆ ನೆರಿಗೆ ಹಿಡಿದು ಒಂದು ಕಾಲು ಒಳಗಿಟ್ಟಳು.

"ಸರೀರಿ, ಸರೀರಿ, ಎರಡು ಮಾರು ಹಾದಿ" ಅಂದಳು ಗಿರಿಜೆ.

"ಹಿಂದ ಮೂರು ಬೆಲ್ಟು ಅದಾವ, ಮೂರೇ ಮಂದಿ" ಅಂದೆ. "ಒಬ್ಬರು ಇಳೀರಿ."

ಮುಂದಿನ ಸೀಟಿನಲ್ಲಿ ಶೈಲಾ ಹಣೆ ಚಚ್ಚಿಕೊಂಡಳು. ಮಂಜುನಾಥರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಕಾರು ಚಾಲೂ ಮಾಡದೆ ಕೂತರು. ಗಿರಿಜೆ ತನ್ನ ಬೆಲ್ಟನ್ನು ಟಪ್ಪೆಂದು ಸಿಕ್ಕಿಸಿ, ನಾನು ಮಾಡಿದ ಹಾಗೇ ಒಮ್ಮೆ ಜಗ್ಗಿ ನೋಡಿ, ಆರಾಮವಾಗಿ ಒರಗಿದಳು.

"ಹಂಗಾರ ನೀನ ಇಳಿ ಅಕ್ಕಾ. ಬೆಂಗಳೂರಾಕಿ ಆಗಿದ್ರ ಆಟೋ ಹಿಡದು ಬಾ, ಊರಾಕಿ ಆಗಿದ್ರ ನಡಕೊಂತ ಬಾ."