ಒಣಗಿಯೇ ಉಳಿದ ಹಲಗೆ

ಇಂಥ ಮಾತು ಯಾರಾದರೂ ಶುರು ಮಾಡಿದರೆ ಟೀ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದವಳು ನಾನು. ಮೈಸೂರಿನ ನಮ್ಮ ಮೊಹಲ್ಲಾದಲ್ಲಿ ಜಿನ್ನುಗಳಿಗೆ ಬರವಿರಲಿಲ್ಲ. ಹುಣಸೆಮರಕ್ಕೊಂದು, ಪಾಳುಬಾವಿಗೊಂದು ಇತ್ತು. ನಾನು ಒಂದನ್ನೂ ನಂಬಲಿಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಒಂದು ಸಂಜೆ ನೀರು ಬೀಳಬೇಕಾದ ಹಾಗೆ ಬೀಳಲಿಲ್ಲ, ಅಷ್ಟೆ.

ಅದನ್ನು ಬರೆಯಲು ಹಿಂದೆಯೂ ಕೂತಿದ್ದೇನೆ. ಪ್ರತಿ ಸಲವೂ ಬರಹ ನೆನಪಿಗಿಂತ ನಯವಾಗಿ ಬಂದು, ನನಗೇ ಅನುಮಾನವಾಗಿ ಅಳಿಸಿ ಹಾಕಿದ್ದೇನೆ. ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ನಾವಾಡುವುದು ದಖನಿ ಉರ್ದು. ಅಮ್ಮಿ ಬೈಯುವುದು, ಛೇಡಿಸುವುದು ಮಾತ್ರ ಕನ್ನಡದಲ್ಲಿ. ಹಾಗಾಗಿ ಕನ್ನಡದಲ್ಲಿ ಬರೆಯಹೊರಟರೆ ಅವಳ ಬೈಗುಳವೆಲ್ಲ ಹಾಗ್ಹಾಗೇ ಬರುತ್ತದೆ, ಮೆಲುಮಾತುಗಳು ಬದಲಾಗಿಬಿಡುತ್ತವೆ. ಓದುವಾಗ ಇದು ಗಮನದಲ್ಲಿರಲಿ.

ಮೊಹಲ್ಲಾದಲ್ಲಿ ಯಾವ ಹೆಂಗಸು ತೀರಿಕೊಂಡರೂ ಕೊನೆಯ ಸ್ನಾನ ಮಾಡಿಸಲು ಅಮ್ಮಿಗೆ ಕರೆ ಬರುತ್ತಿತ್ತು. ಎಲಚಿ ಎಲೆ ಹಾಕಿ ಕಾಯಿಸಿದ ಉಗುರುಬೆಚ್ಚಗಿನ ನೀರು, ಹಲಗೆಯ ಮೇಲೆ ದೇಹ, ದೇಹದ ಮೇಲೊಂದು ಬಟ್ಟೆ. ಬಟ್ಟೆಯ ಅಡಿಯಲ್ಲೇ ಕೈಯಾಡಿಸಿ ಮೊದಲು ಬಲಮೈ, ಆಮೇಲೆ ಎಡಮೈ ತೊಳೆಯಬೇಕು. ಕೊನೆಯ ನೀರಿಗೆ ಕರ್ಪೂರ. ಮುಗಿಸಿ ಬಂದು ತಾನೂ ಮಿಂದು, ಏನೂ ಆಗದವಳಂತೆ ಊಟಕ್ಕೆ ಕೂರುತ್ತಿದ್ದಳು. ಒಳಗೆ ಏನು ಕಂಡೆ ಎಂದು ಯಾರು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಸತ್ತವರ ಮೈ ತೊಳೆದವರು ಅಲ್ಲಿ ಕಂಡದ್ದನ್ನು ಮುಚ್ಚಿಡಬೇಕು. ಅದು ಆ ಕೆಲಸದ ನಿಯಮ.

ನನ್ನ ಬಾಣಂತನಕ್ಕೆಂದು ಅಮ್ಮಿ ಕಡಲಾಚೆ ನಾವಿರುವ ಸಾಂಟಾ ಕ್ಲಾರಾಕ್ಕೆ ಬಂದಿದ್ದಾಗಲೇ ಕೊರೊನಾ ಹಬ್ಬಿ ವಿಮಾನಗಳು ನಿಂತವು. ಆ ದಿನಗಳಲ್ಲಿ ಮೈಸೂರಿನಲ್ಲಿ ಖಾಲಾ, ಅಂದರೆ ಅಮ್ಮಿಯ ಒಬ್ಬಳೇ ಅಕ್ಕ, ತೀರಿಕೊಂಡಳು. ಆಸ್ಪತ್ರೆಯವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟದ್ದನ್ನು ಬಿಚ್ಚುವ ಹಾಗಿರಲಿಲ್ಲ. ಸ್ನಾನವಿಲ್ಲದೆ ಮಣ್ಣಾಯಿತು. ಅಮ್ಮಿ ಅದನ್ನು ನಮ್ಮ ಅಪಾರ್ಟ್‌ಮೆಂಟಿನ ಸೋಫಾದಲ್ಲಿ ಕೂತು ಫೋನಿನಲ್ಲಿ ನೋಡಿದಳು. ಊರ ಹೆಂಗಸರನ್ನೆಲ್ಲ ತೊಳೆದು ಕಳಿಸಿದ ಕೈಗೆ ಸ್ವಂತ ಅಕ್ಕ ಸಿಗಲಿಲ್ಲ.

ಅಲ್ಲಿಂದ ಅವಳ ನಿದ್ದೆ ಹೋಯಿತು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವಳು. ಬಾಲ್ಕನಿ ತೊಳೆದು ಕೆಳಗಿನ ಮನೆಯವರ ದೂರು ತಂದಳು. ಕೂತಲ್ಲಿ ಕೂರಲಾರಳು. ಒಂದನ್ನು ಮಾತ್ರ ಬಿಟ್ಟುಬಿಟ್ಟಳು: ಮಗುವಿಗೆ ನೀರು ಹಾಕುವುದನ್ನು. ಕಾಲ ಮೇಲೆ ಮಲಗಿಸಿಕೊಂಡು ಅಷ್ಟು ಚೆನ್ನಾಗಿ ಎರೆಯುತ್ತಿದ್ದವಳು ಬಾತ್‌ರೂಮಿನ ಬಾಗಿಲಲ್ಲಿ ನಿಂತು, "ನೀನೇ ಹಾಕ್ಕೋ. ನನ್ನ ಕೈ ಸರಿಯಿಲ್ಲ" ಎನ್ನುವಳು. ಮಗು ಅವಳತ್ತ ಕೈ ಚಾಚಿ ಅಳುವುದು. ನನಗೆ ಬೇರೆಲ್ಲಕ್ಕಿಂತ ಭಯವಾದದ್ದು ಇದಕ್ಕೆ. ಅಮ್ಮಿ ಹೀಗೇ ಉಳಿದುಬಿಟ್ಟರೆ?

ಪ್ರಯಾಣದ ನಿರ್ಬಂಧ ಸ್ವಲ್ಪ ಸಡಿಲವಾದ ಮೇಲೆ, ಕೊಲ್ಲಿಯ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಗುಡ್ಡದ ನಡುವೆ ಬಿಸಿನೀರಿನ ಬುಗ್ಗೆಯ ಪಕ್ಕ ಜಪಾನಿ ಪದ್ಧತಿಯ ಹಳೆಯ ವಸತಿಗೃಹ ಒಂದಿದೆ, ಅಲ್ಲಿ ಮಿಂದವರು ಕಲ್ಲಿನಂತೆ ನಿದ್ದೆ ಹೋಗುತ್ತಾರೆ ಎಂದು ಯಾರೋ ಹೇಳಿದರು. ನನ್ನ ಗಂಡ ನಕ್ಕ. "ನಿದ್ದೆ ಬರ್ಸೋಕೆ ಅಷ್ಟು ದೂರ ಯಾಕೆ? ಅಮ್ಮೀನ ನನ್ನ ಸೋಮವಾರದ ಮೀಟಿಂಗಿಗೆ ಕೂರ್ಸು, ಹತ್ತು ನಿಮಿಷ ಸಾಕು." ಆದರೂ ಮಗುವನ್ನು ತಾನು ನೋಡಿಕೊಳ್ಳುತ್ತೇನೆಂದು ನಮ್ಮಿಬ್ಬರನ್ನು ಕಳಿಸಿದ.

ವಸತಿಗೃಹ ನಡೆಸುತ್ತಿದ್ದವರು ವಯಸ್ಸಾದ ಜಪಾನಿ ಹೆಂಗಸು, ಅಮ್ಮಿಗಿಂತ ದೊಡ್ಡವರು. ಚಪ್ಪಲಿ ಹೊರಗೆ ಬಿಡಲು ಹೇಳಿದ್ದೇ ಅಮ್ಮಿಗೆ ಅವರು ಹಿಡಿಸಿಬಿಟ್ಟರು. "ಈ ದೇಶದಲ್ಲಿ ಒಬ್ಬರಿಗಾದರೂ ಬುದ್ಧಿ ಇದೆ" ಎಂದಳು. ತೊಟ್ಟಿಗೆ ಇಳಿಯುವ ಮೊದಲು ಮಣೆಯ ಮೇಲೆ ಕೂತು ಮೈ ಪೂರ್ತಿ ತೊಳೆದುಕೊಂಡಿರಬೇಕು ಎಂದು ಆಕೆ ಸನ್ನೆ ಮಾಡಿ ತೋರಿಸುವಾಗ ಅಮ್ಮಿ ನನ್ನ ಕಿವಿಯಲ್ಲಿ, "ಇದನ್ನ ನನಗೆ ಹೇಳ್ಕೊಡ್ತಾಳಲ್ಲೇ" ಎಂದಳು. ಬಹಳ ದಿನಗಳ ಮೇಲೆ ಅವಳ ತಮಾಷೆ ಕೇಳಿ ನನಗೆ ಹಗುರವಾಯಿತು.

ಎಲ್ಲರೆದುರು ಮೀಯುವುದು ನಮ್ಮಿಂದಾಗದ ಮಾತು. ಅದಕ್ಕೆ ಒಂದು ಗಂಟೆ ನಮ್ಮಿಬ್ಬರಿಗೇ ಇರುವಂಥ ಚಿಕ್ಕ ಸ್ನಾನದ ಮನೆಯನ್ನು ಕೇಳಿಕೊಂಡಿದ್ದೆ. ಅಲ್ಲಿಗೆ ಹೋಗಲು ಹತ್ತಿಯ ನಿಲುವಂಗಿ ಕೊಡುತ್ತಾರೆ. ಅಮ್ಮಿ ತನ್ನ ಸಲ್ವಾರ್ ಕಮೀಜಿನ ಮೇಲೇ ಅದನ್ನು ತೊಟ್ಟು ಬಂದಳು. ವಸತಿಗೃಹದ ಆಕೆ ತಲೆಯಾಡಿಸುತ್ತ ಬಂದು, ಮೆಲ್ಲಗೆ ಸೊಂಟದ ಪಟ್ಟಿ ಬಿಚ್ಚಿ, ಎಡ ಅಂಚನ್ನು ಮೇಲೆ ತಂದು ಮತ್ತೆ ಕಟ್ಟಿದರು. ಬಲ ಅಂಚು ಮೇಲೆ ಬರುವುದು ಸತ್ತವರಿಗೆ ತೊಡಿಸುವಾಗ ಮಾತ್ರ ಎಂದರು. ನಾನು ಅನುವಾದಿಸಿದೆ. ಅಮ್ಮಿ ನಗಲಿಲ್ಲ. ಸತ್ತವರಿಗೆ ಕಫನ್ ಬಟ್ಟೆ ಸುತ್ತುವಾಗ ನಮ್ಮಲ್ಲೂ ಮೊದಲು ಎಡಭಾಗ ಮಡಿಸಿ ಅದರ ಮೇಲೆ ಬಲಭಾಗ ತರುತ್ತಾರೆ. ಬೇರೆಯವರಿಗೆ ಸುತ್ತಿ ಸುತ್ತಿ ಪಳಗಿದ ಕೈ, ತನಗೂ ಹಾಗೇ ಸುತ್ತಿಕೊಂಡಿತ್ತು.

ಸೂರ್ಯ ಗುಡ್ಡದ ಹಿಂದೆ ಹೋಗುವ ಹೊತ್ತು. ಅಮ್ಮಿ ಮುಂದೆ ಹೋದಳು. ಟವೆಲು ಮರೆತಿದ್ದ ನಾನು ಕೋಣೆಗೆ ಹಿಂದಿರುಗಿ, ಮಗು ಹಾಲು ಕುಡಿಯಿತೇ ಎಂದು ಗಂಡನಿಗೆ ಫೋನು ಮಾಡಿ ಬಂದೆ. ಒಳಗೆ ತೊಟ್ಟಿಯಿಂದೇಳುವ ಹಬೆ, ಗಂಧಕದ ವಾಸನೆ. ಗೋಡೆಯ ಪಕ್ಕ ಟವೆಲು ಇಡಲು ಮರದ ಉದ್ದನೆಯ ಬೆಂಚು. ಅಮ್ಮಿ ಅದರ ಪಕ್ಕ ನಿಂತಿದ್ದಳು, ಕಮೀಜಿನ ತೋಳು ಮಡಿಸಿ. ಬೆಂಚಿನ ಅರ್ಧಕ್ಕೆ ತನ್ನ ನಿಲುವಂಗಿಯನ್ನು ಹರಡಿದ್ದಳು. ಅವಳ ಒಂದು ಕೈ ಅದರ ಅಡಿಯಲ್ಲಿತ್ತು.

ನೀರು ಹಾಕು, ಬಲಗಡೆಯಿಂದ, ಎಂದಳು. ಉರ್ದುವಿನಲ್ಲೋ ಕನ್ನಡದಲ್ಲೋ ನೆನಪಿಲ್ಲ. ನೆನಪಿದ್ದಿದ್ದರೆ ಅವಳು ಬೈದಳೋ ಬೇಡಿದಳೋ ತಿಳಿಯುತ್ತಿತ್ತು. ಅಮ್ಮಿಯ ತಲೆ ಕೆಟ್ಟಿತೇ ಎಂದುಕೊಂಡೆ. ಆದರೂ ಮರದ ಬಕೆಟ್ಟು ತುಂಬಿಕೊಂಡು, ಬಟ್ಟೆಯಿಲ್ಲದ ಕಡೆ, ಬರಿಯ ಮರದ ಮೇಲೆ ಸುರಿದೆ.

ನೀರು ಮರ ಮುಟ್ಟಲಿಲ್ಲ. ಮರಕ್ಕಿಂತ ಒಂದು ಗೇಣು ಮೇಲೆ ತಡೆದು, ಎರಡಾಗಿ ಒಡೆದು, ಅತ್ತಿತ್ತ ಇಳಿಯಿತು. ಭುಜದ ಮೇಲೆ ಹಾಕಿದ ನೀರು ಹಾಗೆ ಇಳಿಯುತ್ತದೆ. ಮಗುವಿಗೆ ದಿನವೂ ಹಾಕುವವಳು ನಾನು, ಅದನ್ನು ನೋಡಿ ಬಲ್ಲೆ. ಅಮ್ಮಿ ಇನ್ನೊಮ್ಮೆ ಎಂದಳು. ಹಾಕಿದೆ. ಇನ್ನೊಮ್ಮೆ. ಆಮೇಲೆ ಅವಳು ಸರಕ್ಕನೆ ನಿಲುವಂಗಿ ಎಳೆದು ಹಿಂಡಿ, ಮಣೆಯ ಮೇಲೆ ಕೂತಳು. ನಾನು ಬೆಂಚಿನ ಮೇಲೆ ಕೈಯಿಟ್ಟು ನೋಡಿದೆ. ಎರಡು ಅಂಚೂ ನೆನೆದು ತೊಟ್ಟಿಕ್ಕುತ್ತಿದ್ದವು. ನಡುವಿನ ಹಲಗೆ ಒಣಗಿಯೇ ಇತ್ತು.

ನೀವು ಕೇಳುವುದನ್ನೆಲ್ಲ ನಾನೇ ಕೇಳಿಕೊಂಡಿದ್ದೇನೆ. ಮರಕ್ಕೆ ಎಣ್ಣೆ ಬಳಿದಿರಬಹುದು. ಹಬೆಯಿತ್ತು, ಬೆಳಕು ಕಡಿಮೆಯಿತ್ತು. ಎಷ್ಟೋ ದಿನಗಳ ಮೇಲೆ ಗಂಡನಿಗೆ ಹೇಳಿದಾಗ ನಾನು ಕನ್ನಡಕ ತೆಗೆದಿಟ್ಟಿದ್ದೆ ಎಂದಿದ್ದೆ. ಅಣ್ಣನಿಗೆ ಹೇಳಿದಾಗ ಆ ಕನ್ನಡಕ ಮಾತಿನಲ್ಲಿ ಬರಲೇ ಇಲ್ಲ. ಯಾವುದು ಸರಿ ಎಂದು ಈಗ ನನಗೂ ಗೊತ್ತಿಲ್ಲ. ಅಂಗೈಗೆ ತಾಗಿದ ಒಣಮರ ಒಂದೇ ಎರಡು ಕಥೆಗಳಲ್ಲೂ ಬದಲಾಗದೆ ಉಳಿದಿದೆ.

ಅಮ್ಮಿಯನ್ನು ಅಲ್ಲೇ ಕೇಳಿದೆ. "ಏನ್ ಮಾಡ್ತಿದ್ದೆ?"

"ಬೆಂಚು ತೊಳೀತಿದ್ದೆ. ಪಾಚಿ ಇತ್ತು."

ಪಾಚಿ ಇರಲಿಲ್ಲ. ಆ ರಾತ್ರಿ ಅವಳು ನೆಲದ ಮೇಲಿನ ಹಾಸಿಗೆಯಲ್ಲಿ ಬಾಯಿ ತೆರೆದು ಗೊರಕೆ ಹೊಡೆದಳು. ನಿದ್ದೆ ಬಾರದೆ ಹೋದದ್ದು ನನಗೆ. ಎದ್ದು, ಕೂತು, ಕಾಗದದ ಬಾಗಿಲ ಸರಿಸಿ ಹೊರಗೆ ನೋಡಿ, ಮತ್ತೆ ಮಲಗಿ ಬೆಳಗು ಮಾಡಿದೆ. ಮನೆಗೆ ಬಂದವಳೇ ಅಮ್ಮಿ ತೋಳು ಮಡಿಸಿ, ಮಗುವನ್ನು ಕಿತ್ತುಕೊಂಡು ಬಾತ್‌ರೂಮಿಗೆ ನಡೆದಳು. "ಎಷ್ಟು ಕೊಳೆ ಕೂರ್ಸಿದಾರೆ ನನ್ನ ಬಂಗಾರಕ್ಕೆ" ಎಂದು ಒಳಗಿನಿಂದ ಬೈಯುವುದು ಕೇಳಿಸಿತು. ಗಂಡ ನನ್ನ ಮುಖ ನೋಡಿದ. ಬಿಸಿನೀರಿನ ಮಹಿಮೆ ಎಂದೆ.

ನನ್ನನ್ನು ಕಾಡುವುದು ಇದು: ಅವಳು ಏನನ್ನೂ ಕಾಣದ್ದಕ್ಕೆ ಬೆಂಚು ಎಂದಳೋ, ಕಂಡದ್ದನ್ನು ಹೇಳಬಾರದೆಂಬ ನಿಯಮಕ್ಕೆ ಬೆಂಚು ಎಂದಳೋ? ಎರಡನೆಯದಾದರೆ ನೀರು ಹಾಕಿದವಳಾಗಿ ನಾನೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬರೆಯುತ್ತಿದ್ದೇನೆ. ಸರಿಯೋ ತಪ್ಪೋ ತಿಳಿಯದೆಯೇ ಬರೆಯುತ್ತಿದ್ದೇನೆ.

ಕಳೆದ ಚಳಿಗಾಲ ಅಮ್ಮಿ ಮತ್ತೆ ಬಂದಿದ್ದಳು. ಇಲ್ಲೇ ನಮ್ಮ ಪರಿಚಯದ ಹುಬ್ಬಳ್ಳಿ ಕಡೆಯವರ ಮನೆಯೊಂದರಲ್ಲಿ ಅಜ್ಜಿ ತೀರಿಕೊಂಡರು. ತೊಳೆಯಲು ಅಮ್ಮಿಯನ್ನು ಕರೆದರು, ಕರೆದುಕೊಂಡು ಹೋದವಳು ನಾನು. ಅಮ್ಮಿ ನೀರಿನ ಚೊಂಬನ್ನು ನನ್ನ ಕೈಗೆ ಕೊಟ್ಟಾಗ ಆ ಮನೆಯ ಸೊಸೆ, "ನಿಮ್ಮ ಮಗಳು ಹೊಸಬಳಲ್ಲೇನ್ರಿ, ಅಂಜತಾಳೇನೋ" ಎಂದಳು.

"ಅವಳ ಕೈಗೆ ಗೊತ್ತು. ಒಂದ್ಸಲ ಹಾಕಿದಾಳೆ" ಎಂದಳು ಅಮ್ಮಿ, ನನ್ನ ಕಡೆ ತಿರುಗದೆ.

ಅದಕ್ಕೆ ಮೊದಲು ನಾನು ಯಾವ ದೇಹಕ್ಕೂ ನೀರು ಹಾಕಿದವಳಲ್ಲ. ಹಿಂತಿರುಗುವಾಗ ಎಲ್ ಕಮೀನೋ ರಸ್ತೆಯ ಸಿಗ್ನಲಿನಲ್ಲಿ ಕಾರು ನಿಂತಿತು. ಕೇಳಿಯೇಬಿಟ್ಟೆ. "ಅಮ್ಮಿ, ನಾನು ಯಾರಿಗೆ ಹಾಕಿದ್ದೆ?"

ಅವಳು ಮಡಿಲಲ್ಲಿದ್ದ ಒದ್ದೆ ಟವೆಲನ್ನು ಮಡಿಸಿದಳು, ಎಡ ಅಂಚಿನ ಮೇಲೆ ಬಲ ಅಂಚು.

"ಹಸಿರು ಬಂತು ನೋಡು" ಎಂದಳು. "ಹಿಂದಿನವನು ಬೈಕೊಳ್ತಾನೆ, ನಡಿ."

ಹಸಿರು ಬಂದಿತ್ತು, ಅದು ನಿಜ. ನಾನು ಕಾರು ಮುಂದೆ ಬಿಟ್ಟೆ.