ಪೂರ್ವಕ್ಕಿದ್ದ ಬೇವಿನ ಮರ

ದುರಗಮ್ಮನವರೇ, ನಿಮ್ಮ ಹೊಲದ ಬೇವಿನ ಮರ ಯಾವ ತಪ್ಪನ್ನೂ ಮಾಡಿರಲಿಲ್ಲ. ತಪ್ಪು ನನ್ನದು. ಅದನ್ನು ಮುಚ್ಚಿಕೊಳ್ಳಲು ನಿಮ್ಮ ಮರವನ್ನು ಕಡಿಸಿದೆ — ಗೊತ್ತಿದ್ದೇ ಕಡಿಸಿದೆ.

ಗುರುಗುಂಟಾದ ಆಚೆ, ನಿಮ್ಮ ಹೊಲದ ಬದುವಿಗೆ ನಾವು ನಿಲ್ಲಿಸಿದ್ದ ಗಾಳಿ ಅಳೆಯುವ ಕಂಬ ನಿಮಗೆ ನೆನಪಿರುತ್ತದೆ. ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರು ದಾಟಿ ಬೈಕಿನಲ್ಲಿ ಬರುತ್ತಿದ್ದ ನನ್ನನ್ನು ನೀವು ಗಾಳಿ ಸಾಹೇಬ್ರು ಎನ್ನುತ್ತಿದ್ದಿರಿ. ಆ ಹೆಸರಿಗೆ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಕಂಬದ ತುದಿಗೊಂದು, ಕೆಳಗೊಂದು — ಗಾಳಿಗೆ ತಿರುಗುವ ಬಟ್ಟಲುಗಳಿದ್ದವು. ಮೇಲೆ ಹೋದಂತೆ ಗಾಳಿಯ ವೇಗ ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆ ಎಂಬುದನ್ನು ಆ ಎರಡರ ವ್ಯತ್ಯಾಸದಿಂದ ತಿಳಿದುಕೊಂಡು, ಕಂಬವೂ ಮುಟ್ಟದ ಎತ್ತರದಲ್ಲಿ, ಮುಂದೆ ಗಾಳಿಯಂತ್ರದ ರೆಕ್ಕೆ ತಿರುಗುವಲ್ಲಿ, ವೇಗ ಎಷ್ಟಿದ್ದೀತೆಂದು ಅಂದಾಜು ಮಾಡುವುದು ನನ್ನ ಕೆಲಸ. ಕೆಳಗಿನ ಬಟ್ಟಲು ಸುಳ್ಳು ಹೇಳಿದರೆ ಮೇಲಿನ ಅಂದಾಜೂ ಸುಳ್ಳಾಗುತ್ತದೆ.

ಅದು ಸುಳ್ಳು ಹೇಳುವಂತೆ ಮಾಡಿದವನು ನಾನೇ. ಕಂಬ ನಿಲ್ಲಿಸಿದ ದಿನ ಜವಳಗೇರಾದಲ್ಲಿ ಗೆಳೆಯನ ಮದುವೆ ಊಟ. ಕಂಬ ಹತ್ತಿದವರಿಗೆ ನೆಲದಿಂದಲೇ ಕೈ ತೋರಿಸಿ, ಕೆಳಗಿನ ಬಟ್ಟಲನ್ನು ಪೂರ್ವದ ಮಗ್ಗುಲಿಗೆ ಕಟ್ಟಿಸಿ ಓಡಿದೆ. ಅಲ್ಲಿ ಹೆಚ್ಚಾಗಿ ಗಾಳಿ ಬೀಸುವುದು ಪಶ್ಚಿಮದಿಂದ. ಬಟ್ಟಲು ಕಂಬದ ಮರೆಯಲ್ಲೇ ಉಳಿಯಿತು, ಇದ್ದದ್ದಕ್ಕಿಂತ ಕಡಿಮೆ ಗಾಳಿ ತೋರಿಸುತ್ತಾ ಹೋಯಿತು.

ಕೆಲವು ತಿಂಗಳ ಮೇಲೆ ನನ್ನ ಮೇಲಧಿಕಾರಿಯ ಫೋನು ಬಂದಾಗ ನಾನು ಎಲ್ಲಿದ್ದೆ ಗೊತ್ತೇ? ನಿಮ್ಮ ಬೇವಿನ ನೆರಳಲ್ಲಿ, ನೀವು ಕೊಟ್ಟ ರೊಟ್ಟಿ ಕೈಯಲ್ಲಿ ಹಿಡಿದು. ಕಾಲು ಊನವಾದ ನಿಮ್ಮ ಯಜಮಾನರು, ಬಸಪ್ಪ, ಅಲ್ಲೇ ಕೂತು ಕುರಿ ಕಾಯುತ್ತಿದ್ದವರು, ಮುಖದ ಮೇಲೆ ಟವೆಲ್ ಎಳೆದುಕೊಂಡು ನಿದ್ದೆ ಹೋಗಿದ್ದರು. ಕುರಿಗಳೂ ಸುತ್ತ ಮಲಗಿದ್ದವು.

"ಕೆಳಗಿನ ಗಾಳಿ ಇಷ್ಟು ಕಡಿಮೆ ಯಾಕೆ? ಹತ್ತಿರ ಏನಾದರೂ ಅಡ್ಡ ಇದೆಯಾ?"

ತಲೆ ಎತ್ತಿ ಕಂಬ ನೋಡಿದೆ. ನನ್ನ ತಪ್ಪು ಕಣ್ಣಿಗೆ ಹೊಡೆದಂತೆ ಕಂಡಿತು. ಆಗಲೇ ಹೇಳಬಹುದಿತ್ತು — ಹೇಳಿದ್ದರೆ ಅಷ್ಟೂ ತಿಂಗಳ ಅಳತೆ ನನ್ನಿಂದ ಹಾಳಾಯಿತು ಎಂದಾಗುತ್ತಿತ್ತು, ಕೆಲಸವೂ ಬಹುಶಃ...

"ಒಂದು ಬೇವಿನ ಗಿಡ ಐತ್ರಿ."

"ಯಾವ ದಿಕ್ಕಿಗೆ?"

"ಪಶ್ಚಿಮಕ್ಕ್ರಿ."

ಮರ ಇದ್ದದ್ದು ಪೂರ್ವಕ್ಕೆ; ಪಶ್ಚಿಮದ ಗಾಳಿಗೆ ಅದು ಅಡ್ಡವೇ ಅಲ್ಲ. ನಾನು ಅದಕ್ಕೇ ಒರಗಿ ಕೂತಿದ್ದೆ.

ನಿಮ್ಮನ್ನು ಒಪ್ಪಿಸಲು ಬಂದವನೂ ನಾನೇ. ಊರಿಗೆ ಗಾಳಿಯಂತ್ರ ಬರುವುದಕ್ಕೆ ನಿಮ್ಮ ಮರವೊಂದೇ ಅಡ್ಡ ಎಂದೆ. ಬಸಪ್ಪ ತಲೆ ಎತ್ತಿ ಮರವನ್ನು ನೋಡಿದರು. "ನೀವು ಓದಿದೋರು. ನೀವ ಹೇಳಾಕತ್ತೀರಂದ್ರ ಕಡೀರಿ," ಎಂದರು. ಮರ ಉರುಳಿದ ವಾರವೇ, ರಿಪೇರಿಯ ನೆಪದಲ್ಲಿ, ಬಟ್ಟಲನ್ನು ಗಾಳಿಗೆ ಎದುರಾಗಿ ತಿರುಗಿಸಿದೆ. ಅಳತೆ ಸರಿಹೋಯಿತು. ಹಳೆಯ ಅಳತೆಯ ತಪ್ಪನ್ನು ಕಚೇರಿಯವರು ಮರದ ತಲೆಗೆ ಕಟ್ಟಿ, ಆ ಅಳತೆಯನ್ನು ಕೈಬಿಟ್ಟರು. ಮೇಲಧಿಕಾರಿ ನನ್ನ ಬೆನ್ನು ತಟ್ಟಿದರು, ನಾನು ತಟ್ಟಿಸಿಕೊಂಡೆ.

ವರ್ಷಗಳು ಕಳೆದವು. ಹೋದ ವಾರ ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ನೀವು ಸಿಕ್ಕಿರಿ. ಕುರಿ ಹೆಂಗದಾವ ಎಂದು ಕೇಳಿದೆ — ಕೇಳಬಾರದಿತ್ತು.

"ಮಾರಿಬಿಟ್ಟಿವ್ರಿ. ಬಿಸಲಾಗ ನಮ್ಮ ಮನಿಯವರಿಗ ಕುಂದ್ರಾಕ ಆಗಲಿಲ್ಲ. ನಾ ಒಬ್ಬಾಕಿ ಹೊಲ ಮಾಡ್ಲ್ಯೋ, ಕುರಿ ಕಾಯ್ಲ್ಯೋ? ಈಗ ಅವರು ಮನ್ಯಾಗ ಗ್ವಾಡಿ ನೋಡ್ಕೋಂತ ಕುಂತಿರ್ತಾರ." ಆಮೇಲೆ ಸೆರಗು ಸರಿಮಾಡಿಕೊಂಡು ಅಂದಿರಿ, "ನಮ್ಮ ಗಿಡದ ಸಲುವಾಗಿ ನಿಮಗ ಭಾಳ ತ್ರಾಸ ಆತ್ರಿ. ನಮಗ ತಿಳಿದಿದ್ದಿಲ್ಲ. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ನೀವು ನನ್ನ ಕ್ಷಮೆ ಕೇಳಿದಿರಿ. ನಾನು ಏನೆಂದೆ?

"ಇರಲಿ ಬಿಡ್ರೀಯಮ್ಮ."

ನಿಮ್ಮನ್ನು ಕ್ಷಮಿಸಿ ಬಸ್ ಹತ್ತಿದೆ. ಮರ ಕಡಿಸಿದವನಿಗಿಂತ ಹಾಗೆಂದವನನ್ನು ಕಂಡರೆ ನನಗೆ ಹೆಚ್ಚು ಹೇಸಿಗೆ.

ಮೇಲಧಿಕಾರಿಗೆ ಇವತ್ತು ಎಲ್ಲವನ್ನೂ ಹೇಳಿಯಾಯಿತು. ಅವರು ಏನು ಮಾಡುತ್ತಾರೋ ಮಾಡಲಿ. ನಾಳೆ ನಿಮ್ಮ ಮನೆಗೆ ಬರುತ್ತೇನೆ. ಎದುರು ನಿಂತಾಗ ನಾಲಿಗೆ ಮತ್ತೆ ಸುಳ್ಳಿಗೆ ಹೊರಳದಿರಲಿ ಎಂದೇ ಇದನ್ನು ಬರೆಯುತ್ತಿರುವುದು. ಕುರಿ ವಾಪಸು ಬರುವುದಿಲ್ಲ, ಆ ನೆರಳೂ — ಗೊತ್ತು. ಆದರೂ ಗಿಡ ಪೂರ್ವಕ್ಕಿತ್ತು ಎಂದು ಬಸಪ್ಪನವರ ಮುಖ ನೋಡಿ ಹೇಳಬೇಕು. ಅಲ್ಲಿಯವರೆಗೆ ನನ್ನನ್ನು ರೊಟ್ಟಿಗೆ ಕೂರಿಸಬೇಡಿ.